ತಣ್ಣಗಿದ್ದ ಯಂತ್ರದ ತಪ್ಪು ಉತ್ತರ

ನನ್ನ ಮೈದುನ ಫ್ರಿಜ್ ರಿಪೇರಿ ಮಾಡುವವನು. ಇಪ್ಪತ್ತಾರು ವರ್ಷಗಳಿಂದ ಅದೇ ಕಸುಬು. ಬೀದಿಯವರಿಗೆಲ್ಲ ಅವನು ‘ತಂಪು’. ಅಂಚೆಯವನೂ ಹಾಗೆಯೇ ಕೇಳಿಕೊಂಡು ಬರುತ್ತಾನೆ. ಯಾವ ಯಂತ್ರ ಎದುರಾದರೂ ಅವನು ಮೊದಲು ಅಂಗೈ ಇಟ್ಟು ನೋಡುವನು. ಬಿಸಿಯಿದ್ದರೆ ರೋಗ, ತಣ್ಣಗಿದ್ದರೆ ಆರೋಗ್ಯ. ಆ ಒಂದು ನಂಬಿಕೆಯ ಮೇಲೆ ಅವನು ಬದುಕು ಕಟ್ಟಿಕೊಂಡ. ಅದೇ ನಂಬಿಕೆ ಅವನು ಮುಗ್ಗರಿಸುವಂತೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಕಂಡು ತಿಂಗಳಾದರೂ ನನ್ನ ದಿಗ್ಭ್ರಮೆ ಇಳಿದಿಲ್ಲ.

ಮೂರು ವರ್ಷಗಳ ಹಿಂದೆ, ಏಣಿ ತರಲೆಂದು ಅವನ ಅಂಗಡಿಯ ಮೇಲಿನ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಹಳೆಯ ಫ್ರಿಜ್ಜಿನ ತಂತಿಯ ತಟ್ಟೆಯಲ್ಲಿ, ತೊಳೆದ ಊಟದ ತಟ್ಟೆಗಳನ್ನು ನಿಲ್ಲಿಸಿದ ಹಾಗೆ, ಐದು ಕಪ್ಪು ಹಲಗೆಗಳು ಸಾಲಾಗಿ ನಿಂತಿದ್ದವು. ಕಿಟಕಿಯ ಎ.ಸಿ.ಯಿಂದ ಹೊರಟ ತಗಡಿನ ಕೊಳವೆಯೊಂದು ಅವುಗಳ ಮೇಲೆ ಚಳಿಗಾಳಿ ಸುರಿಯುತ್ತಿತ್ತು. ನಿಂತಲ್ಲೇ ಮೈ ಜುಮ್ಮೆಂದಿತು.

“ಏನಯ್ಯಾ ಇದು, ಫ್ರಿಜ್ಜೋ ಕಂಪ್ಯೂಟರೋ?”

“ಎರಡೂ, ಅತ್ತಿಗೆ. ಇವು ಗ್ರಾಫಿಕ್ಸ್ ಕಾರ್ಡು. ಆಟ ಆಡೋರು ಚಿತ್ರ ಚೆನ್ನಾಗಿ ಬರ್ಲಿ ಅಂತ ಹಾಕ್ಕೋತಾರೆ. ನಾನು ಲೆಕ್ಕ ಮಾಡಿಸ್ತಿದೀನಿ.”

“ಯಾರ ಲೆಕ್ಕ?”

“ಔಷಧಿ ಹುಡುಕೋರ ಲೆಕ್ಕ.”

ದೂರದ ಒಂದು ಪ್ರಯೋಗಾಲಯದವರು ಶ್ವಾಸಕೋಶ ಗಟ್ಟಿಯಾಗುವ ರೋಗಕ್ಕೆ ಮದ್ದು ಹುಡುಕುತ್ತಿದ್ದರು. ಲಕ್ಷಾಂತರ ಅಣುಗಳನ್ನು ಒಂದೊಂದಾಗಿ ಪರೀಕ್ಷಿಸುವ ಆ ಲೆಕ್ಕ ಒಂದು ಯಂತ್ರದಿಂದ ಆಗುವಂಥದ್ದಲ್ಲ. ಆದ್ದರಿಂದ ಅದನ್ನು ತುಂಡುತುಂಡು ಮಾಡಿ, ಇಷ್ಟಪಟ್ಟು ಮುಂದೆ ಬಂದವರ ಮನೆಯ ಕಂಪ್ಯೂಟರುಗಳಿಗೆ ಹಂಚುತ್ತಿದ್ದರು. ಒಂದೇ ತುಂಡು ಇಬ್ಬರಿಗೆ ಹೋಗುತ್ತದೆ. ಇಬ್ಬರ ಉತ್ತರ ಹೊಂದಿದರೆ ಸ್ವೀಕಾರ. ಬಹುಕಾಲ ತಪ್ಪು ಮಾಡದವನನ್ನು ಮಾತ್ರ ‘ನಂಬಿಕಸ್ಥ’ರ ಪಟ್ಟಿಗೆ ಸೇರಿಸುತ್ತಾರೆ. ಆಮೇಲೆ ಅವನ ಉತ್ತರವನ್ನು ಅಪರೂಪಕ್ಕೊಮ್ಮೆ ಬಿಟ್ಟರೆ ಯಾರೂ ತಾಳೆ ನೋಡುವುದಿಲ್ಲ.

ಒಂದು ವರ್ಷ ದುಡಿದು ಆ ಪಟ್ಟಿಗೆ ಸೇರಿದ ದಿನ ತಂಪು ನೆಲದ ಮೇಲೆ ನಡೆಯಲಿಲ್ಲ.

“ನನ್ನ ಮಾತಿಗೆ ಸಾಕ್ಷಿ ಬೇಡ್ವಂತೆ ಅತ್ತಿಗೆ!”

“ಪಾಪ, ಅವರಿಗೆ ನೀನು ಗೊತ್ತಿಲ್ಲ ಕಣೋ,” ಎಂದರು ನನ್ನ ಯಜಮಾನರು. “ನಾಳೆ ಬಂದು ಮಾಡ್ಕೊಡ್ತೀನಿ ಅಂತ ನೀನು ಹೇಳಿದ ಫ್ರಿಜ್ಜುಗಳ ಮನೆಯೋರನ್ನ ಕೇಳ್ಬೇಕಿತ್ತು.”

ಮಾರನೆಯ ದಿನವೇ ಅವನು ಕಾರ್ಡುಗಳ ವೇಗ ಏರಿಸಿದ. ಕಾರ್ಖಾನೆಯವರು ಗೊತ್ತುಮಾಡಿದ ವೇಗವನ್ನು ಮೀರಿ ಓಡಿಸುವುದಕ್ಕೆ ಆ ಬಳಗದಲ್ಲಿ ‘ಓವರ್‌ಕ್ಲಾಕ್’ ಎನ್ನುತ್ತಾರೆ. ಹೆಚ್ಚು ವೇಗ, ಹೆಚ್ಚು ತುಂಡು, ಬೇಗ ಮದ್ದು. ಉಳಿದವರು ಶಾಖಕ್ಕೆ ಹೆದರಿ ಹಿಂಜರಿದ ಕಡೆ ಇವನಿಗೆ ಹೆದರಿಕೆಯೇ ಇರಲಿಲ್ಲ. ಶಾಖವನ್ನು ಓಡಿಸುವುದೇ ಇವನ ಕಸುಬು. ಅಂಗೈ ಇಟ್ಟ, ತಣ್ಣಗಿತ್ತು. ಎಂಟು ತಿಂಗಳ ಮೇಲೆ ಇನ್ನಷ್ಟು ಏರಿಸಿದ, ಆಗಲೂ ತಣ್ಣಗಿತ್ತು. ಮೂರನೆಯ ಸಲವೂ ಹಾಗೆಯೇ.

ಕಳೆದ ತಿಂಗಳು ಒಂದು ಬೆಳಿಗ್ಗೆ, ಅಂಗಡಿ ತೆರೆಯುವ ಮುನ್ನ, ಅವನು ಮೊಬೈಲು ಹಿಡಿದು ನಮ್ಮ ಅಡಿಗೆಮನೆಗೆ ಬಂದ. ಪತ್ರ ಇಂಗ್ಲಿಷಿನಲ್ಲಿತ್ತು. ನಲವತ್ತು ದಾಟಿದ ಮೇಲೆ ಸಂಜೆ ಶಾಲೆಯಲ್ಲಿ ಕಲಿತ ಭಾಷೆ ನನ್ನದು. ಮನೆಯಲ್ಲಿ ಓದಿ ಹೇಳುವವಳು ನಾನೇ. ಓದಿದೆ: ‘ನಿಮ್ಮ ಉತ್ತರಗಳನ್ನು ಬೇರೆ ಎರಡು ಯಂತ್ರಗಳೊಂದಿಗೆ ತಾಳೆ ನೋಡಿದೆವು. ಹೊಂದುತ್ತಿಲ್ಲ. ಕಾರ್ಡುಗಳ ವೇಗ ಏರಿಸಿದ್ದೀರಾ? ಯಾವ ದಿನದಿಂದ? ಅಂದಿನಿಂದ ಬಂದ ಉತ್ತರಗಳನ್ನೆಲ್ಲ ರದ್ದುಮಾಡಬೇಕು. ಆ ದಿನಾಂಕ ನಿಮಗೊಬ್ಬರಿಗೇ ಗೊತ್ತು.’

“ನೀವು ತಪ್ಪಾಗಿ ಓದಿದೀರಿ ಅತ್ತಿಗೆ.”

ನನ್ನ ಓದಿನ ಬಗ್ಗೆ ಆ ಮಾತನ್ನು ನಾನು ಯಾರಿಂದಲೂ ಕೇಳಿಸಿಕೊಳ್ಳುವವಳಲ್ಲ. ಆದರೆ ಅವನ ಮುಖ ಸುಣ್ಣದ ಗೋಡೆಯಾಗಿತ್ತು. ಒಂದೊಂದೇ ಪದ ಬಿಡಿಸಿ ಮತ್ತೆ ಓದಿದೆ. ಅವನು ಮೆಟ್ಟಿಲು ಹತ್ತಿ ಓಡಿದ; ನಾನೂ ಯಜಮಾನರೂ ಹಿಂದೆಯೇ ಹೋದೆವು.

“ಮುಟ್ಟಿ ನೋಡಿ, ಮಂಜಿನ ಹಾಗಿದೆ! ಎಲ್ಲಿದೆ ತಪ್ಪು?”

ಒಂದು ತುಂಡನ್ನು ಏರಿಸಿದ ವೇಗದಲ್ಲೇ ಓಡಿಸಿದ. ವೇಗ ಇಳಿಸಿ ಅದೇ ತುಂಡನ್ನು ಇನ್ನೊಮ್ಮೆ ಓಡಿಸಿದ. ಉತ್ತರ ಬೇರೆ ಬಂತು. ಮತ್ತೆ ಏರಿಸಿ ನೋಡಿದ. ಮೂರನೆಯ ಉತ್ತರ ಮೊದಲಿನ ಎರಡನ್ನೂ ಹೋಲಲಿಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಪರದೆ ಮಿಣುಕಲೂ ಇಲ್ಲ. ಚಿತ್ರದಲ್ಲಿ ಒಂದು ಚುಕ್ಕೆಯ ಬಣ್ಣ ತಪ್ಪಿದರೆ ಯಾರ ಕಣ್ಣಿಗೂ ಬೀಳದು. ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ಕೆಡುತ್ತದೆ. ಮಿತಿಮೀರಿದ ವೇಗದಲ್ಲಿ ಕಾರ್ಡು ತಣ್ಣಗಿದ್ದುಕೊಂಡೇ ತಪ್ಪಬಲ್ಲದೆಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಗರಬಡಿದವನಂತೆ ನೆಲದ ಮೇಲೆ ಕುಳಿತ. “ಬಿಸಿಯಾಗಿದ್ರೆ ನಿಲ್ಲಿಸ್ತಿದ್ದೆ. ಕಿರುಚಿದ್ರೂ ನಿಲ್ಲಿಸ್ತಿದ್ದೆ. ಇಷ್ಟು ಶಾಂತವಾಗಿ ಸುಳ್ಳು ಹೇಳುತ್ತಾ ಯಂತ್ರ?”

ನನ್ನ ಯಜಮಾನರು ಮೆಲ್ಲಗೆ ಹೇಳಿದರು: “ಲೋ, ಹೋದ ವಾರ ಏರಿಸ್ದೆ ಅಂತ ಬರೆದು ಕೈ ತೊಳ್ಕೋ. ಪಟ್ಟೀಲಿ ಹೆಸರಾದ್ರೂ ಉಳಿಯುತ್ತೆ. ಯಾರು ಬಂದು ನೋಡ್ತಾರೆ?”

ತಂಪು ನನ್ನ ಮುಖ ನೋಡಿದ.

“ನೀನು ಹೇಳಿದ್ದನ್ನ ಇಂಗ್ಲಿಷ್ ಮಾಡಿ ಕೊಡ್ತೀನಿ,” ಎಂದೆ. “ಸುಳ್ಳು ಮಾಡಿ ಕೊಡಲ್ಲ.”

ಅವನು ಕಾರ್ಡುಗಳ ಕಡೆ ತಿರುಗಿ ಹೇಳಿದ: “ಮೂರು ಸಲ ಏರಿಸಿದೀನಿ. ಮೊದಲ್ನೇ ಸಲದ ದಿನಾಂಕ ಬರೀರಿ.”

“ಅಯ್ಯೋ, ಎರಡು ವರ್ಷದ್ದೆಲ್ಲಾ ಕಸದ ಬುಟ್ಟಿಗಾ?” ಯಜಮಾನರ ದನಿ ಏರಿತು. “ಮೊದಲ್ನೇ ಸಲ ಕೆಟ್ಟಿತ್ತೋ ಇಲ್ವೋ!”

“ಅದೇ ಗೊತ್ತಿಲ್ವಲ್ಲ ಅಣ್ಣಾ. ಗೊತ್ತಿಲ್ದೇ ಇರೋದನ್ನ ಸರಿ ಅಂತ ಹೇಗೆ ಹೇಳ್ಲಿ?”

ನಾಲ್ಕನೆಯ ದಿನ ಮರುಪತ್ರ ಬಂತು. ಉತ್ತರಗಳು ರದ್ದು, ಹೆಸರು ಪಟ್ಟಿಯಿಂದ ಹೊರಗೆ. ಬೇಕಾದರೆ ಹೊಸಬನಾಗಿ ಸೇರಬಹುದು. ಅಷ್ಟಕ್ಕೆ ಅವನು ಎದೆ ಗಟ್ಟಿಮಾಡಿಕೊಂಡಿದ್ದ. ಅವನು ಎಣಿಸದೇ ಇದ್ದದ್ದು ಕೊನೆಯ ನಾಲ್ಕು ಸಾಲಿನಲ್ಲಿತ್ತು. ಅವನ ಯಂತ್ರ ಆರಿಸಿಕೊಟ್ಟಿದ್ದ ಒಂದು ಅಣು, ಮದ್ದಾಗಬಹುದೆಂಬ ಆಸೆಯಿಂದ, ಪ್ರಯೋಗಾಲಯದ ಮೇಜಿಗೆ ಹೋಗಿತ್ತಂತೆ. ಹನ್ನೊಂದು ವಾರಗಳಿಂದ ಇಬ್ಬರು ಸಂಶೋಧಕಿಯರು ಅದರ ಬೆನ್ನು ಹತ್ತಿ ದಿನವೂ ಸೋಲುತ್ತಿದ್ದರಂತೆ. ಪ್ರಯೋಗ ಕೆಡುತ್ತಿರುವುದು ತಮ್ಮ ಕೈಯಿಂದಲೇ ಎಂದು ಕೊರಗಿ, ಒಬ್ಬಳು ಕೆಲಸ ಬಿಡುವ ಮಾತಾಡಿದ್ದಳಂತೆ. ‘ನಿಮ್ಮ ದಿನಾಂಕ ಬಂದ ಮೇಲೆ ಆ ಕೆಲಸ ನಿಲ್ಲಿಸಿದೆವು.’

ಲೆಕ್ಕದ ತುಂಡುಗಳ ಆಚೆ ಮನುಷ್ಯರಿದ್ದಾರೆಂದು ಅವನೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

“ಅವರ ಹೆಸರಿದೆಯಾ ಅತ್ತಿಗೆ?”

“ಇಲ್ಲ.”

“ಹೆಸರಿಲ್ದಿದ್ರೂ ಬರೀರಿ. ಆ ಇಬ್ಬರಿಗೆ ತಲುಪಿಸಿ ಅಂತ ಬರೀರಿ. ನಿಮ್ಮ ಕೈಲಿ ತಪ್ಪಿರಲಿಲ್ಲಮ್ಮ, ತಪ್ಪು ನಂದು ಅಂತ.”

ಬರೆದೆ. ಕಳುಹಿಸುವ ಗುಂಡಿಯನ್ನು ಅವನೇ ಒತ್ತಿದ. ಬೆರಳು ಎರಡು ಸಲ ಗುರಿ ತಪ್ಪಿತು. ಮೂರನೆಯ ಸಲ ಪತ್ರ ಹೋಯಿತು.