ಆಟ ಬಿಟ್ಟ ಮೇಲಿನ ಪುಟ

ಕಳೆದ ಭಾನುವಾರ ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ, ವರ್ತಕ ಅನ್ವರ್ ಭಾಯ್‌ಗೆ ವಿದೇಶಿ ಗೋಲ್‌ಕೀಪರ್ ಒಬ್ಬನ ಇಂಗ್ಲಿಷ್ ಆತ್ಮಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಮೊಣಕಾಲು ಕೈಕೊಡುವವರೆಗೆ ಅವರೂ ಊರ ತಂಡದ ಗೋಲ್‌ಕೀಪರ್. ಫುಟ್‌ಬಾಲ್ ಆಟಗಾರರು ಬರೆದದ್ದರಲ್ಲಿ ಇದನ್ನು ತಪ್ಪಿಸಬಾರದು ಎಂದು ಶಿಫಾರಸು ಮಾಡಿದವನು ನಾನೇ.

"ಕಪ್ ಗೆದ್ದಿದ್ದೆಲ್ಲ ಬಿಡಿ ಸಾರ್. ಆಟ ಬಿಟ್ಮೇಲೆ ಮ್ಯಾಚ್ ದಿನ ಏನ್ ಮಾಡ್ತಿದ್ದ, ಅದು ಬರ್ದಿದಾನಾ?"

ಬರೆದಿದ್ದ. ಪಂದ್ಯ ಶುರುವಾಗುವ ಹೊತ್ತಿಗೆ ಗ್ಲೌಸ್ ತೊಟ್ಟು ಅಡುಗೆಮನೆಯಲ್ಲಿ ಒಬ್ಬನೇ ಕೂರುತ್ತಿದ್ದನಂತೆ.

ಅನ್ವರ್ ಭಾಯ್, "ಯಾ ಅಲ್ಲಾ! ನಾನೊಬ್ನೇ ಹುಚ್ಚ ಅನ್ಕೊಂಡಿದ್ದೆ. ಮನೇಲೂ ಯಾರ್ಗೂ ಹೇಳಿಲ್ಲ ಸಾರ್" ಎಂದರು.

ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಆ ಪುಟದ ಮೂಲೆ ಮಡಚಿಸಿಕೊಂಡು ಪುಸ್ತಕ ಇಟ್ಟುಕೊಂಡರು. ಅದೀಗ ಅವರ ಟೊಮೆಟೊ ಮಂಡಿಯ ಗಲ್ಲಾಪೆಟ್ಟಿಗೆ ಮೇಲಿದೆ.