ಕೈಯಿಂದ ಮುಖದವರೆಗೆ

ಸಾಯುವ ಹಿಂದಿನ ದಿನವೂ ಅವಳ ಗಂಡ ಎಂದಿನಂತೆ ಮುಂದಿನ ಕೋಣೆಯ ಕಂಪ್ಯೂಟರಿಗೆ ಅಂಟಿಕೊಂಡು ಯಾರದೋ ಅಜ್ಜಿಯ ಫೋಟೋ ಓಡಿಸುತ್ತಿದ್ದ. ಓಣಿಯವರು ಅವನನ್ನು ಕರೆಯುತ್ತಿದ್ದುದೇ ‘ಫೋಟೋ ಓಡಿಸೋ ಅಣ್ಣ’ ಎಂದು. ಮದುವೆಗಾಗಲಿ ಸಾವಿಗಾಗಲಿ, ಜನ ತಂದುಕೊಟ್ಟ ಹಳೆಯ ಫೋಟೋಗಳಿಂದ ವಿಡಿಯೋ ಮಾಡಿಕೊಡುವುದು ಅವನ ಕೆಲಸ. ಪರದೆಯ ಮೇಲಿನ ಚೌಕಟ್ಟು ಕೂತಲ್ಲೇ ಕೂತಿರಬೇಕು, ಒಳಗಿನ ಫೋಟೋ ಮಾತ್ರ ಮೆಲ್ಲಗೆ ಜರುಗಬೇಕು. ಫೋಟೋದಲ್ಲಿ ಯಾರೇ ಇರಲಿ, ಅವನು ಅವರ ಕೈಯಿಂದಲೇ ಶುರು ಮಾಡುತ್ತಿದ್ದ; ಮುಖ ಬರುವಷ್ಟರಲ್ಲಿ ಗಿರಾಕಿಗೆ ಆಕಳಿಕೆ ಬರುತ್ತಿತ್ತು. “ಬೇಗ ಮುಖ ತೋರ್ಸಣ್ಣ, ಬಸ್ ಹೊರಟೋಗುತ್ತೆ” ಎಂದರೆ, “ಬಸ್ ಇನ್ನೊಂದು ಬರುತ್ತೆ, ನಿಮ್ಮಜ್ಜಿ ಬರ್ತಾಳಾ? ತಡ್ಕೊಳ್ಳಿ” ಎನ್ನುತ್ತಿದ್ದ. ಊಟದ ತಟ್ಟೆಯನ್ನೂ ಅಂಚಿನಿಂದ ನಡುವಿಗೆ ನೋಡುವವನು. ಹೆಂಡತಿ ಟೀ ತಂದರೂ ಅದೇ ಚಾಳಿ: ಮೊದಲು ಲೋಟ ಹಿಡಿದ ಕೈ, ಆಮೇಲೆ ತೋಳು, ಕೊನೆಗೆ ಮುಖ, ಮುಖ ಸಿಕ್ಕಿದ ಮೇಲೆ ಒಂದು ನಗು. “ರೀ, ನೀವು ನನ್ನ ಮುಖಕ್ಕೆ ಬರೋ ಹೊತ್ತಿಗೆ ಟೀ ಆರಿ ಹೋಗಿರುತ್ತೆ” ಎಂದು ಅವಳು ರೇಗುತ್ತಿದ್ದಳು. “ಒಳ್ಳೇದು ಕೊನೇಲೇ ಬರ್ಬೇಕು ಕಣೇ.” ಆ ಕೊನೆಯ ಸಂಜೆ ಅವಳು ಟೀ ತಂದಾಗಲೂ ಅವನ ನೋಟ ಅವಳ ಕೈಗೆ ಬಂದಿತ್ತು, ಅಷ್ಟರಲ್ಲಿ ಅಜ್ಜಿಯ ಮನೆಯವರ ಫೋನ್ ಬಂತು. ಅವನು ಪರದೆಯ ಕಡೆ ತಿರುಗಿದ. ಅವಳು ಒಂದು ಗಳಿಗೆ ಕಾದು ಒಳಗೆ ಹೋದಳು. ಬೆಳಗಾಗುವಷ್ಟರಲ್ಲಿ ಅವನ ಉಸಿರು ನಿಂತಿತ್ತು. ಈಗ ಆ ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ ಅವನ ಫೋಟೋ ಇದೆ, ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತದ್ದು. ದಿನಾ ಬೆಳಿಗ್ಗೆ ಅವಳು ಒದ್ದೆ ಬಟ್ಟೆ ಹಿಡಿದು ಅದರ ಗಾಜು ಒರೆಸುತ್ತಾಳೆ. ಚೌಕಟ್ಟು ಅಲ್ಲಾಡದಂತೆ ಎಡಗೈಯಲ್ಲಿ ಒತ್ತಿ ಹಿಡಿದು, ಅವನ ಕೈಯಿಂದ ಶುರು ಮಾಡಿ, ತೋಳಿಗೆ ಬಂದು, ಅವಸರ ಮಾಡದೆ, ಮುಖದವರೆಗೆ.