ಪೇಶಾವರದ ಮಣ್ಣಿನಲ್ಲಿ ಅಮ್ಮ

ಅಮೆರಿಕದ ಫ್ರೀಮಾಂಟಿನ ಒಂದು ರೊಟ್ಟಿ ಅಂಗಡಿಯಲ್ಲಿ ಕುಳಿತಿದ್ದೇನೆ. ಮಾಲೀಕ ಕರೀಂ ಯುದ್ಧಕ್ಕೆ ಹೆದರಿ ಅಫ್ಘಾನಿಸ್ತಾನ ಬಿಟ್ಟು ಬಂದವನು. ಗಿರಾಕಿ ಯೂಸುಫ್ ಪಾಕಿಸ್ತಾನದವನು. ಲಾರಿ ಓಡಿಸುತ್ತ ಕಲಿತ ನನ್ನ ಹಿಂದಿಗೆ ಇಬ್ಬರ ಉರ್ದು ಮಾತೂ ದಕ್ಕುತ್ತದೆ. ಅದಕ್ಕೆ ಯಾವ ಶಾಲೆಯ ಹಂಗೂ ಇಲ್ಲ.

“ರಷ್ಯಾದ ಸೈನ್ಯ ನಿಮ್ಮ ದೇಶ ಬಿಟ್ಟು ಹೋಗ್ಲಿ ಭಾಯ್, ಆಮೇಲೆ ನಮ್ಮೆರಡೂ ದೇಶ ಸೇರಿಸಿ ಒಂದೇ ಒಕ್ಕೂಟ ಮಾಡ್ಬೇಕು,” ಅಂದ ಯೂಸುಫ್.

“ರಾಜಧಾನಿ ನಿಮ್ದು, ಯುದ್ಧ ನಮ್ದು, ಅಲ್ವಾ?” ಕರೀಂ ನಕ್ಕ.

“ತಮಾಷೆ ಬಿಡು. ಆಗ ಪೇಶಾವರಾನೂ ನಿನ್ನ ದೇಶಾನೇ. ಅಲ್ಲಿ ಗೋರೀಲಿ ಮಲಗಿರೋ ನಿಮ್ಮಮ್ಮನ್ನ ಎತ್ತಿ ಊರಿಗೆ ಒಯ್ಯೋ ಕಷ್ಟ ಇರಲ್ಲ.”

ಹಿಟ್ಟು ನಾದುತ್ತಿದ್ದ ಕರೀಮನ ಕೈ ನಿಂತಿತು. ವಲಸೆಯಲ್ಲಿ ಸತ್ತವರನ್ನು ಅಫ್ಘಾನರು ಪರನಾಡಿನ ಮಣ್ಣಿಗೆ ಒಪ್ಪಿಸಿ ಇಡುತ್ತಾರಂತೆ, ಮುಂದೊಂದು ದಿನ ಊರಿಗೆ ಒಯ್ಯುವ ಮಾತು ಕೊಟ್ಟು. ಹೆಣವನ್ನೂ ಹೀಗೆ ನಂಬಿ ಇಡಬಹುದೆಂದು ನನಗೆ ಗೊತ್ತಿರಲಿಲ್ಲ.

“ಸಾಯೋವಾಗ ಅಮ್ಮ ನಮ್ಮೂರಲ್ಲಿರೋ ಅಪ್ಪನ ಗೋರಿ ಪಕ್ಕದಲ್ಲಿ ಜಾಗ ಕೇಳಿದ್ರು ಭಾಯ್. ಒಕ್ಕೂಟ ಆದ್ರೂ ನಾನು ಎತ್ಲೇಬೇಕು.”



“ಹಾಗಾದ್ರೆ ನಂಗೆ ಹೇಳಿ ಕಳಿಸು,” ಅಂದ ಯೂಸುಫ್. “ಪೇಶಾವರದಿಂದ ನಿಮ್ಮೂರಿನವರೆಗೂ ಒಂದು ಹೆಗಲು ನಂದು.”